ಹಿಂದಿನ ಗಾಜಿನ ಮಂಜು, ವಾಪಸ್ ಹೋಗದ ಕರೆಂಟು



ನಮ್ಮ ಕೂಟದ ಈ ಪತ್ರದಲ್ಲಿ ಸಾಮಾನ್ಯವಾಗಿ ಕವನ, ಪ್ರವಾಸ ಕಥನ, ಹೋಳಿಗೆ ಮಾಡುವ ವಿಧಾನ ಇಂಥವು ಬರುತ್ತವೆ. ನನಗೆ ಕವನ ಬರೆಯಲು ಬರುವುದಿಲ್ಲ. ಹೋಳಿಗೆ ವಿಷಯದಲ್ಲಿ ತಿನ್ನುವ ಭಾಗ ಮಾತ್ರ ಗೊತ್ತು. ಆದ್ದರಿಂದ ಸಂಪಾದಕರು "ಏನಾದರೂ ಬರೀರಿ, ಎಲ್ಲರಿಗೂ ಉಪಯೋಗ ಆಗೋ ಹಾಗಿರಲಿ" ಎಂದಾಗ, ಕಳೆದ ಚಳಿಗಾಲದಲ್ಲಿ ನನ್ನ ಮೂರು ವಾರಾಂತ್ಯಗಳನ್ನು ನುಂಗಿದ ಒಂದು ರಿಪೇರಿಯ ಬಗ್ಗೆಯೇ ಬರೆಯೋಣ ಅನ್ನಿಸಿತು. ಕಾರಿನ ಹಿಂದಿನ ಗಾಜಿನ ಮೇಲೆ ಅಡ್ಡಡ್ಡ ಕಂದು ಗೆರೆಗಳಿರುತ್ತವಲ್ಲ, ಅದೇ ಡೀಫಾಗರ್, ಅದರ ಕಥೆ.

"ಕುವೈತಿನಲ್ಲಿ ಡೀಫಾಗರ್ ಯಾಕಪ್ಪಾ?" ಎಂದು ಊರಿನವರು ಕೇಳಬಹುದು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದ ದೇಶ ಇದು. ನಿಜ. ಆದರೆ ಇಲ್ಲಿ ಇರುವವರಿಗೆ ಗೊತ್ತು, ನವೆಂಬರಿನಲ್ಲಿ ಮೊದಲ ಮಳೆ ಬಿದ್ದ ಮೇಲೆ ಫೆಬ್ರವರಿಯವರೆಗೆ ಕೆಲವು ಬೆಳಗುಗಳು ಹೇಗಿರುತ್ತವೆ ಎಂದು. ಎದುರಿನ ಕಟ್ಟಡ ಕಾಣದು, ಮುಂದಿನ ಕಾರಿನ ಕೆಂಪು ದೀಪ ಮಾತ್ರ ತೇಲುತ್ತಿರುತ್ತದೆ. ನಮ್ಮ ಆಗುಂಬೆ, ಮಡಿಕೇರಿ ಎಲ್ಲ ನೆನಪಾಗುತ್ತದೆ, ಒಂದೇ ವ್ಯತ್ಯಾಸ ಅಂದರೆ ಇಲ್ಲಿ ಎಲ್ಲರೂ ನೂರರ ಮೇಲೆ ಓಡಿಸುತ್ತಿರುತ್ತಾರೆ!

ಇನ್ನು ಆಗಸ್ಟ್–ಸೆಪ್ಟೆಂಬರಿನ ಕಥೆಯೇ ಬೇರೆ. ಕಡಲ ಕಡೆಯಿಂದ ತೇವದ ಗಾಳಿ ಬೀಸುವ ರಾತ್ರಿ ಸಾಲ್ಮಿಯಾ, ಮಂಗಾಫ್, ಫಹಾಹೀಲ್ ಕಡೆ ಕಾರು ಹತ್ತಿ ಏಸಿ ಹಾಕಿದರೆ ಐದು ನಿಮಿಷಕ್ಕೆ ಗಾಜು ಬೆಳ್ಳಗಾಗುತ್ತದೆ. ಆಗ ಮಂಜು ಕೂರುವುದು ಗಾಜಿನ ಹೊರಮೈಯಲ್ಲಿ, ಒಳಗಲ್ಲ. ಚಳಿಗಾಲದಲ್ಲಿ ಹೊರಗೆ ತಣ್ಣಗೆ, ಒಳಗೆ ನಮ್ಮ ಉಸಿರಿನ ತೇವ, ಹಾಗಾಗಿ ಒಳಮೈಯಲ್ಲಿ ಮಂಜು. ಬೇಸಿಗೆಯಲ್ಲಿ ಏಸಿಯಿಂದ ಗಾಜೇ ತಣ್ಣಗೆ, ಹೊರಗಿನ ಗಾಳಿಯಲ್ಲಿ ತೇವ, ಹಾಗಾಗಿ ಹೊರಮೈಯಲ್ಲಿ. ಫ್ರಿಜ್ಜಿನಿಂದ ತೆಗೆದ ತಂಬಿಗೆ ಬೆವರುವುದು ನೋಡಿದ್ದೀರಲ್ಲ, ಅಷ್ಟೇ. ಎರಡೂ ಸಲ ಮದ್ದು ಒಂದೇ, ಗಾಜನ್ನು ಸ್ವಲ್ಪ ಬೆಚ್ಚಗೆ ಮಾಡುವುದು. ಮುಂದಿನ ಗಾಜಿಗೆ ವೈಪರ್ ಇದೆ, ಕೆಳಗಿನಿಂದ ಗಾಳಿ ಬರುತ್ತದೆ. ಸೆಡಾನ್ ಕಾರಿನ ಹಿಂದಿನ ಗಾಜಿಗೆ ಎರಡೂ ಇಲ್ಲ. ಅದಕ್ಕೆ ಆ ಗೆರೆಗಳೇ ಗತಿ.

ಇರಲಿ, ವಿಷಯಕ್ಕೆ ಬರೋಣ.

ಕಳೆದ ಜನವರಿಯ ಒಂದು ಗುರುವಾರ ರಾತ್ರಿ ಅಬ್ಬಾಸಿಯಾದಲ್ಲಿ ಸ್ನೇಹಿತರ ಮನೆಯಲ್ಲಿ ಊಟ. ಊಟ ಮುಗಿಯಿತು, ಆದರೆ ನಮ್ಮ ಜನರ ಬೀಳ್ಕೊಡುಗೆ ನಿಮಗೆ ಗೊತ್ತಲ್ಲ! ಸೋಫಾದಿಂದ ಏಳುವಾಗ ಒಮ್ಮೆ "ಬರ್ತೀವಿ", ಬಾಗಿಲಲ್ಲಿ ಒಮ್ಮೆ, ಲಿಫ್ಟಿನ ಹತ್ತಿರ ಒಮ್ಮೆ, ಕೆಳಗೆ ಬಂದು ಕಾರಿನ ಪಕ್ಕ ಮತ್ತೆ ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಮಕ್ಕಳು ಮೂವರು ಚಳಿ ಎಂದು ಕಾರಿನೊಳಗೆ ಕಿಟಕಿ ಮುಚ್ಚಿಕೊಂಡು ಕೂತು ಕಿರುಚಾಡುತ್ತಿದ್ದರು. ನಾನು ಹತ್ತಿದಾಗ ಹಿಂದಿನ ಗಾಜು ಪೂರ್ತಿ ಹಾಲಿನ ಬಣ್ಣ. ಡೀಫಾಗರ್ ಬಟನ್ ಒತ್ತಿದೆ, ಕೇಸರಿ ದೀಪ ಹತ್ತಿತು. ಎರಡು ನಿಮಿಷ ಕಾದೆ. "ಹೊರಡಿ ರೀ, ಹನ್ನೊಂದಾಯ್ತು" ಎಂದಳು ಮನೆಯಾಕೆ. ರಿವರ್ಸ್ ಹಾಕಿ ಮೆಲ್ಲಗೆ ಹಿಂದೆ ಬಿಟ್ಟೆ.

ಧಡ್ ಎಂದು ಡಿಕ್ಕಿಯ ಮೇಲೆ ಯಾರೋ ಹೊಡೆದ ಸದ್ದು. ಬ್ರೇಕ್ ಒತ್ತಿ ಇಳಿದು ನೋಡಿದರೆ ಆ ಕಟ್ಟಡದ ಹಾರಿಸ್ ಎರಡೂ ಕೈ ಡಿಕ್ಕಿಗೆ ಒತ್ತಿ ನಿಂತಿದ್ದಾನೆ. ಅವನ ಕಾಲಿನ ಬಳಿ, ನನ್ನ ಬಂಪರಿನಿಂದ ಒಂದು ಮೊಳ ದೂರದಲ್ಲಿ, ನಾಲ್ಕು ವರ್ಷದ ಒಂದು ಮಗು ಕುಕ್ಕರಗಾಲಲ್ಲಿ ಕೂತು ಕಾರಿನಡಿಯಿಂದ ಚೆಂಡು ತೆಗೆಯುತ್ತಿತ್ತು. ಮಗುವಿಗೆ ಏನೂ ಗೊತ್ತಾಗಲಿಲ್ಲ, ಚೆಂಡು ಸಿಕ್ಕಿತು, ಓಡಿಹೋಯಿತು. ನಾನು ಏಳನೇ ರಿಂಗ್ ರೋಡ್ ಹಿಡಿದು ಮಂಗಾಫ್ ಮುಟ್ಟುವವರೆಗೂ ಒಂದು ಮಾತಾಡಲಿಲ್ಲ.

ತಪ್ಪು ನನ್ನದೇ. ಕಾಣದಿದ್ದರೆ ಇಳಿದು ಒರೆಸಬೇಕಿತ್ತು. ಆದರೆ ಆ ಕೇಸರಿ ದೀಪ ನನ್ನನ್ನು ನಂಬಿಸಿತ್ತು. ದೀಪ ಹತ್ತಿದೆ ಅಂದರೆ ಗಾಜು ಕಾಯುತ್ತಿದೆ ಎಂದು. ಸಾಫ್ಟ್‌ವೇರಿನಲ್ಲಿ ದಿನಾ ನೋಡುವ ವಿಷಯವೇ ಇದು, ಲಾಗ್ ಫೈಲಿನಲ್ಲಿ "ಯಶಸ್ವಿ" ಎಂದು ಬರೆದಿರುತ್ತದೆ, ಕೆಲಸ ಮಾತ್ರ ಆಗಿರುವುದಿಲ್ಲ.

ಮರುದಿನ ಶುಕ್ರವಾರ, ಬೆಳಗ್ಗೆಯೇ ಕೆಲಸ ಶುರು. ಮೊದಲು ಫ್ಯೂಸ್ ನೋಡಿದೆ, ಚೆನ್ನಾಗಿತ್ತು. ಒಬ್ಬ ಗೆಳೆಯ ಫೋನಿನಲ್ಲಿ "ಹಂಡ್ರೆಡ್ ಪರ್ಸೆಂಟ್ ರಿಲೇ ಗುರೂ" ಎಂದ. ಹೊಸ ರಿಲೇ ತಂದು ಹಾಕಿದೆ, ನಾಲ್ಕು ದಿನಾರ್ ಹೋಯಿತು, ಗಾಜು ಹಾಗೇ. ಮುಂದಿನ ವಾರ ಒಂದು ಗ್ಯಾರೇಜಿಗೆ ಕೊಂಡೊಯ್ದೆ. ಅವರು ಗಾಜಿನ ಮೇಲೆ ಬೆರಳಾಡಿಸಿ, ಗೆರೆಗಳು ಹೋಗಿವೆ, ಪೂರ್ತಿ ಗಾಜೇ ಬದಲಿಸಬೇಕು, ಮೂವತ್ತೈದು ದಿನಾರ್ ಎಂದರು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ ಇತ್ತು ಎಂದು ಆಮೇಲೆ ಗೊತ್ತಾಯಿತು. ಆದರೆ ಯಾರ ಕೈಯಲ್ಲೂ ಒಂದು ಮೀಟರ್ ಇರಲಿಲ್ಲ. ನನ್ನ ಕೈಯಲ್ಲೂ ಇರಲಿಲ್ಲ ಅನ್ನಿ. ಎಂಜಿನಿಯರಿಂಗ್ ಡಿಗ್ರಿ ಇದೆ, ಮೊದಲ ವರ್ಷದ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ರೀಡಿಂಗ್ ಬರೆದುಕೊಟ್ಟವನು ನನ್ನ ಪಕ್ಕದವನು.

ನಮ್ಮ ಮೇಲಿನ ಮಹಡಿಯಲ್ಲಿ ಕುಂದಾಪುರ ಕಡೆಯ ಒಬ್ಬ ಹಿರಿಯರಿದ್ದಾರೆ. ಇಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿ ಬಹಳ ವರ್ಷ ದುಡಿದವರು. ಹೆಸರು ಹಾಕಬೇಡಿ ಎಂದು ತಾಕೀತು ಮಾಡಿದ್ದಾರೆ, ಹಾಕುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ನನ್ನ ಗೋಳು ಕೇಳಿ ಒಂದೇ ಪ್ರಶ್ನೆ ಕೇಳಿದರು. "ಪೂರಾ ಗಾಜು ಸತ್ತಿದೆಯಾ, ಇಲ್ಲ ಒಂದೆರಡು ಗೆರೆ ಮಾತ್ರವಾ?"

"ಪೂರಾ."

"ಹಾಗಾದ್ರೆ ಗೆರೆಯ ತಪ್ಪಲ್ಲ ಮಾರಾಯ್ರೆ. ಹನ್ನೆರಡು ಗೆರೆ ಒಟ್ಟಿಗೆ ಹಾಳಾಗ್ಲಿಕ್ಕೆ ಅವೆಲ್ಲ ಮಾತಾಡಿಕೊಂಡಿದ್ದಾವಾ?"

ಇಲ್ಲಿ ಸ್ವಲ್ಪ ಪಾಠ. ಹತ್ತನೇ ತರಗತಿಯ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ವಿಜ್ಞಾನ ಪುಸ್ತಕದ ವಿದ್ಯುತ್ ಪಾಠವೇ ಇದು.

ದೀಪಾವಳಿಗೆ ಹಾಕುವ ಹಳೆಯ ಸೀರಿಯಲ್ ಸೆಟ್ ನೆನಪಿದೆಯೇ? ಒಂದು ಬಲ್ಬ್ ಹೋದರೆ ಸಾಲಿಗೆ ಸಾಲೇ ಕತ್ತಲು. ಅದು ಸರಣಿ ಜೋಡಣೆ, ಎಲ್ಲ ಬಲ್ಬಿಗೂ ಒಂದೇ ದಾರಿ. ಮನೆಯ ದೀಪಗಳು ಹಾಗಲ್ಲ, ಅಡುಗೆಮನೆಯ ಬಲ್ಬ್ ಹೋದರೆ ಹಾಲಿನದು ಉರಿಯುತ್ತಲೇ ಇರುತ್ತದೆ. ಅದು ಸಮಾಂತರ ಜೋಡಣೆ. ಹಿಂದಿನ ಗಾಜು ಎರಡನೆಯ ಜಾತಿಯದು. ಒಂದು ಏಣಿಯನ್ನು ಗಾಜಿನ ಮೇಲೆ ಇಟ್ಟಂತೆ ಎಂದುಕೊಳ್ಳಿ. ಎಡಬಲದಲ್ಲಿ ಎರಡು ದಪ್ಪ ಪಟ್ಟಿಗಳು, ಅವುಗಳ ನಡುವೆ ತೆಳ್ಳನೆಯ ಮೆಟ್ಟಿಲುಗಳು. ಬೆಳ್ಳಿಯ ಪುಡಿ ಮತ್ತು ಗಾಜಿನ ಪುಡಿ ಕಲೆಸಿದ ಲೇಪವನ್ನು ಗಾಜಿನ ಒಳಮೈಯಲ್ಲಿ ಮುದ್ರಿಸಿ, ಕುಲುಮೆಯಲ್ಲಿ ಕಾಯಿಸಿ ಅಂಟಿಸಿದ ಗೆರೆಗಳು ಅವು. ಒಂದು ಪಟ್ಟಿಗೆ ಬ್ಯಾಟರಿಯ ಪ್ಲಸ್ ಬರುತ್ತದೆ, ಇನ್ನೊಂದು ಪಟ್ಟಿಯಿಂದ ತಂತಿ ಕಾರಿನ ಲೋಹದ ಮೈಗೆ, ಅಂದರೆ ಬಾಡಿ ಅರ್ತಿಗೆ, ಹೋಗುತ್ತದೆ. ಬ್ಯಾಟರಿಯ ಮೈನಸ್ ಕೂಡ ಅದೇ ಮೈಗೆ ಕಟ್ಟಿರುತ್ತದೆ. ಹಾಗೆ ಸುತ್ತು ಪೂರ್ತಿಯಾಗುತ್ತದೆ.

ಲೆಕ್ಕ ನೋಡೋಣ. ನನ್ನ ಗಾಜಿನಲ್ಲಿ ಹನ್ನೆರಡು ಗೆರೆ. ಒಂದೊಂದರ ರೋಧ ಸುಮಾರು 10.8 ಓಮ್. ಹನ್ನೆರಡು ಸಮಾಂತರವಾಗಿರುವುದರಿಂದ ಒಟ್ಟು 10.8 ಭಾಗಿಸು 12, ಅಂದರೆ 0.9 ಓಮ್. ಎಂಜಿನ್ ಓಡುವಾಗ 13.5 ವೋಲ್ಟ್ ಬಂದರೆ ಕರೆಂಟು 15 ಆಂಪಿಯರ್, ಶಾಖ ಸುಮಾರು 200 ವ್ಯಾಟ್. ಎರಡು ದೊಡ್ಡ ಹಳೇ ಕಾಲದ ಬಲ್ಬುಗಳಷ್ಟು. ಕಾರು ಕಾರಿಗೂ ಈ ಅಂಕಿ ಬದಲಾಗುತ್ತದೆ, ಆದರೆ ಹತ್ತರಿಂದ ಇಪ್ಪತ್ತು ಆಂಪಿಯರ್ ಸಾಮಾನ್ಯ. ಜಾರ್ಜ್ ಓಮ್ ಎಂಬ ಜರ್ಮನ್ ಮೇಷ್ಟ್ರು 1827ರಲ್ಲಿ ಪುಸ್ತಕ ಬರೆದು ಹೇಳಿದ ನಿಯಮವೇ ಇಷ್ಟಕ್ಕೂ ಸಾಕು.

ಒಂದು ಗೆರೆ ತುಂಡಾದರೆ ಆ ಒಂದು ಪಟ್ಟೆ ಮಾತ್ರ ಮಂಜಾಗಿ ಉಳಿಯುತ್ತದೆ, ಉಳಿದ ಹನ್ನೊಂದಕ್ಕೆ ಏನೂ ಆಗುವುದಿಲ್ಲ. ಎಲ್ಲವೂ ಒಟ್ಟಿಗೆ ಸತ್ತಿದ್ದರೆ ತಪ್ಪು ಎಲ್ಲಕ್ಕೂ ಸೇರಿದ ದಾರಿಯಲ್ಲಿ ಇರಬೇಕು. ಫ್ಯೂಸ್, ರಿಲೇ, ಗಾಜಿನವರೆಗಿನ ತಂತಿ, ಪಟ್ಟಿಗೆ ಬೆಸೆದ ಚಿಕ್ಕ ಲೋಹದ ನಾಲಿಗೆ, ಅಥವಾ ವಾಪಸ್ ಹೋಗುವ ಅರ್ತ್ ತಂತಿ. ಮೀಟರ್ ಮುಟ್ಟದೆಯೇ ಅರ್ಧ ಸಾಧ್ಯತೆಗಳು ತೆಗೆದುಹೋದವು. ಗ್ಯಾರೇಜಿನವರು ಬೆರಳಾಡಿಸಿ ಹೇಳಿದ್ದು ಇಲ್ಲಿಗೇ ಬಿದ್ದುಹೋಯಿತು ನೋಡಿ.

ಆ ಕೇಸರಿ ದೀಪದ ವಿಷಯ. ಬಟನ್ ಒತ್ತಿದಾಗ 15 ಆಂಪಿಯರ್ ಬಟನ್ನಿನ ಮೂಲಕ ಹರಿಯುವುದಿಲ್ಲ. ಬಟನ್ ಒಂದು ಸಣ್ಣ ಕರೆಂಟನ್ನು ರಿಲೇಯ ಸುರುಳಿಗೆ ಕಳಿಸುತ್ತದೆ, ಸುರುಳಿ ಅಯಸ್ಕಾಂತವಾಗಿ ದೊಡ್ಡ ಸ್ವಿಚ್ಚನ್ನು ಎಳೆಯುತ್ತದೆ. ಜೊತೆಗೊಂದು ಟೈಮರ್ ಇದ್ದು ಹತ್ತು ಹದಿನೈದು ನಿಮಿಷಕ್ಕೆ ತಾನೇ ಆರಿಸುತ್ತದೆ. ಹೆಚ್ಚಿನ ಕಾರುಗಳಲ್ಲಿ ದೀಪ ಇರುವುದು ಬಟನ್ನಿನ ಕಡೆಯ ಸಣ್ಣ ಸರ್ಕೀಟಿನಲ್ಲಿ. ಅದು "ಆಜ್ಞೆ ಕೊಟ್ಟಿದ್ದೇನೆ" ಎನ್ನುತ್ತದೆ, "ಕೆಲಸ ಆಗುತ್ತಿದೆ" ಎನ್ನುವುದಿಲ್ಲ. ಕೆಲವು ಕಾರುಗಳಲ್ಲಿ ಹೊರಗಿನ ಕನ್ನಡಿಗಳೂ ಇದೇ ಬಟನ್ನಿನಿಂದ ಬಿಸಿಯಾಗುತ್ತವೆ. ನಿಮ್ಮದು ಹಾಗಿದ್ದರೆ ಕನ್ನಡಿ ಮುಟ್ಟಿ ನೋಡಿ. ಅದು ಬೆಚ್ಚಗಿದ್ದು ಗಾಜು ತಣ್ಣಗಿದ್ದರೆ ಬಟನ್ ಮತ್ತು ಟೈಮರ್ ಮೇಲೆ ಅನುಮಾನ ಬೇಡ.

ಹಿರಿಯರು ಒಂದು ಡಿಜಿಟಲ್ ಮಲ್ಟಿಮೀಟರ್ ಕೈಗಿಟ್ಟು, "ನೀವೇ ನೋಡಿ, ನಾನು ಚಾ ಕುಡೀತೇನೆ" ಎಂದು ಫ್ಲಾಸ್ಕ್ ಹಿಡಿದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಕಾರನ್ನು ಬಯಲಿನಲ್ಲಿ ನಿಲ್ಲಿಸಿದ್ದೆವು. ಇದು ಮುಖ್ಯ, ಸರ್ದಾಬಿನ ಪಾರ್ಕಿಂಗಿನಲ್ಲಿ ಎಂಜಿನ್ ಓಡಿಸುತ್ತಾ ಈ ಕೆಲಸ ಯಾವತ್ತೂ ಮಾಡಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಎಂಜಿನ್ ಆರಿಸಿ ಪರೀಕ್ಷೆ ಮಾಡುತ್ತಾ ಕೂತರೆ 15 ಆಂಪಿಯರ್ ಬ್ಯಾಟರಿಯನ್ನು ಹೀರಿಬಿಡುತ್ತದೆ. ಇಲ್ಲಿನ ಬಿಸಿಲಿಗೆ ಬ್ಯಾಟರಿ ಎರಡು ವರ್ಷ ಬಂದರೆ ಪುಣ್ಯ, ಅದನ್ನು ಮತ್ತೆ ಗೋಳುಹೊಯ್ದುಕೊಳ್ಳುವುದು ಬೇಡ.

ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟೆ. ಕಪ್ಪು ಕಡ್ಡಿಯನ್ನು ಡಿಕ್ಕಿಯೊಳಗೆ ಬಣ್ಣವಿಲ್ಲದ ಒಂದು ಬೋಲ್ಟಿಗೆ, ಅಂದರೆ ಬಾಡಿಗೆ ಒತ್ತಿ ಹಿಡಿದ ನನ್ನ ಮಗ. ಕೆಂಪು ಕಡ್ಡಿ ನನ್ನ ಕೈಲಿ. ಡೀಫಾಗರ್ ಚಾಲೂ. ಪ್ಲಸ್ ಪಟ್ಟಿಯ ನಾಲಿಗೆಗೆ ಮುಟ್ಟಿಸಿದೆ, 13.4. "ಬಂತು!" ಎಂದು ಕೂಗಿದೆ. ಫ್ಯೂಸ್, ರಿಲೇ, ಇಲ್ಲಿಯವರೆಗಿನ ತಂತಿ ಎಲ್ಲ ಸರಿ ಎಂದಾಯಿತು. (ನಾಲ್ಕು ದಿನಾರಿನ ರಿಲೇ ಈಗಲೂ ನಮ್ಮ ಮನೆಯ ಡ್ರಾಯರಿನಲ್ಲಿದೆ.) ಆಚೆ ಬದಿಯ ಪಟ್ಟಿಗೆ ಮುಟ್ಟಿಸಿದೆ, 11.5. ಅಲ್ಲೂ ಇದೆ! ಎರಡೂ ಕಡೆ ಕರೆಂಟು ಬರುತ್ತಿದೆ, ಮತ್ತೆ ಗಾಜು ಯಾಕೆ ಕಾಯುವುದಿಲ್ಲ? ಗ್ಯಾರೇಜಿನವರು ಹೇಳಿದ್ದೇ ನಿಜ, ಗಾಜೇ ಹೋಗಿದೆ ಎಂದು ಹಿರಿಯರ ಕಡೆ ತಿರುಗಿದೆ.

ಅವರು ಚಾ ಲೋಟ ಕೆಳಗಿಟ್ಟು ನಕ್ಕರು. "ಬಂದದ್ದು ಸರಿ. ಹೋಗೋದು ಎಲ್ಲಿ ಮಾರಾಯ್ರೆ? ಆಚೆ ಬದಿಯಲ್ಲಿ ಎಷ್ಟು ಬರಬೇಕಿತ್ತು?"

ಒಂದು ನಿಮಿಷ ಬೇಕಾಯಿತು ನನಗೆ. ಆಚೆ ಬದಿ ನೇರವಾಗಿ ಬಾಡಿಗೆ ಕಟ್ಟಿರಬೇಕು. ನನ್ನ ಕಪ್ಪು ಕಡ್ಡಿಯೂ ಬಾಡಿಯಲ್ಲೇ ಇದೆ. ಹಾಗಾದರೆ ಅಲ್ಲಿ ಸೊನ್ನೆ, ಹೆಚ್ಚೆಂದರೆ ಸೊನ್ನೆಯ ಹತ್ತಿರದ ಯಾವುದೋ ಚಿಲ್ಲರೆ ಬರಬೇಕು. 11.5 ಬರಬಾರದು.

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಿದ್ದರೆ ಅದು ಇದು. ಮೀಟರಿನಲ್ಲಿ ವೋಲ್ಟ್ ಕಂಡರೆ ಕರೆಂಟು ಹರಿಯುತ್ತಿದೆ ಎಂದರ್ಥವಲ್ಲ. ವೋಲ್ಟ್ ಎಲ್ಲಿ ಇಳಿಯುತ್ತದೋ ಅಲ್ಲಿ ಶಾಖ. ಹೊಲಕ್ಕೆ ನೀರು ಬಿಟ್ಟಿದ್ದೇವೆ, ಕಾಲುವೆ ತುಂಬಿ ನಿಂತಿದೆ, ಆದರೆ ಹರಿದುಹೋಗುವ ಕಡೆ ಕಸ ಕಟ್ಟಿಕೊಂಡಿದೆ. ನೋಡಿದರೆ ಎಲ್ಲ ಕಡೆ ನೀರಿದೆ, ಹರಿವು ಮಾತ್ರ ಇಲ್ಲ. ನನ್ನ ಗಾಜಿನ ಎರಡು ಬದಿಗಳ ನಡುವೆ ಇಳಿದದ್ದು 13.4 ಕಳೆ 11.5, ಅಂದರೆ 1.9 ವೋಲ್ಟ್ ಮಾತ್ರ. ರೋಧ 0.9 ಓಮ್ ಆದರೆ ಕರೆಂಟು 2.1 ಆಂಪಿಯರ್, ಶಾಖ 4 ವ್ಯಾಟ್. 200 ವ್ಯಾಟ್ ಬೇಕಾದಲ್ಲಿ ನಾಲ್ಕು! ಉಳಿದ 11.5 ವೋಲ್ಟ್ ಇಳಿಯುತ್ತಿದ್ದದ್ದು ಗಾಜಿನಾಚೆ, ಅರ್ತ್ ತಂತಿಯ ದಾರಿಯಲ್ಲಿ ಎಲ್ಲೋ. ಅಲ್ಲಿ 11.5 ಗುಣಿಸು 2.1, ಅಂದರೆ ಇಪ್ಪತ್ತನಾಲ್ಕು ವ್ಯಾಟ್ ಸುಮ್ಮನೆ ಉರಿಯುತ್ತಿತ್ತು. ಗಾಜಿಗಿಂತ ಆರು ಪಟ್ಟು ಹೆಚ್ಚು.

"ಕೈ ಇಟ್ಟು ನೋಡಿ, ಎಲ್ಲಿ ಬಿಸಿ ಇದೆಯೋ ಅಲ್ಲೇ ಕಳ್ಳ" ಎಂದರು ಹಿರಿಯರು.

ಡಿಕ್ಕಿಯ ಎಡಬದಿಯ ಹೊದಿಕೆ ಸರಿಸಿ ಕಪ್ಪು ತಂತಿ ಹಿಡಿದು ಹೋದೆವು. (ಒಂದು ಎಚ್ಚರಿಕೆ. ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಮೇಲೆ ಏರ್‌ಬ್ಯಾಗ್ ಎಂದು ಬರೆದಿದ್ದರೆ ಅದನ್ನು ಕೀಳಲು ಹೋಗಬೇಡಿ, ಗೊತ್ತಿರುವವರಿಂದಲೇ ಮಾಡಿಸಿ.) ತಂತಿಯ ತುದಿಯಲ್ಲಿ ಒಂದು ಲೋಹದ ಉಂಗುರ, ಅದನ್ನು ಬೋಲ್ಟಿನಿಂದ ಬಾಡಿಗೆ ಬಿಗಿದಿದ್ದರು. ಮುಟ್ಟಿದರೆ ಚುರ್ ಎಂದಿತು. ಎಂಜಿನ್ ಆರಿಸಿ ಬೋಲ್ಟ್ ಬಿಚ್ಚಿದೆ. ಉಂಗುರದ ಅಡಿಯಲ್ಲಿ ಚೆಂದದ ಬಿಳಿ ಬಣ್ಣ, ನಡುವೆ ಕಂದು ಸುಟ್ಟ ಗುರುತು. ಆಗ ಹೊಳೆಯಿತು. ಕಾರು ಕೊಂಡದ್ದು ಸೆಕೆಂಡ್ ಹ್ಯಾಂಡ್, ಹಿಂದಿನ ಎಡಮೂಲೆಗೆ ಮೊದಲೊಮ್ಮೆ ಏಟು ಬಿದ್ದು ಪೇಂಟ್ ಮಾಡಿಸಿದ್ದರು. ಯಾರೋ ಪುಣ್ಯಾತ್ಮ ಬೋಲ್ಟಿನ ಜಾಗಕ್ಕೂ ಬಣ್ಣ ಹೊಡೆದು ಅದರ ಮೇಲೆಯೇ ಉಂಗುರ ಬಿಗಿದಿದ್ದ. ಬಣ್ಣದ ಮೂಲಕ ಕರೆಂಟು ಹೋಗುವುದಿಲ್ಲ. ಬೋಲ್ಟಿನ ಎಳೆಗಳಲ್ಲಿ ಅಷ್ಟಿಷ್ಟು ನುಸುಳುತ್ತಿದ್ದದ್ದೇ ಆ 2.1 ಆಂಪಿಯರ್.

ಉಪ್ಪುಕಾಗದದಿಂದ ಬಾಡಿಯ ಆ ನಾಣ್ಯದಗಲ ಜಾಗವನ್ನೂ ಉಂಗುರವನ್ನೂ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಿ, ಕಡಲ ಉಪ್ಪಿನ ಗಾಳಿಗೆ ತುಕ್ಕು ಹಿಡಿಯದಿರಲಿ ಎಂದು ಮೇಲಿನಿಂದ ಸ್ವಲ್ಪ ಗ್ರೀಸ್ ಹಚ್ಚಿದೆ. ಖರ್ಚು ಸೊನ್ನೆ. ಮತ್ತೆ ಅಳೆದಾಗ ಆಚೆ ಬದಿ 0.1. ಮಗ ಗಾಜಿಗೆ ಬಾಯಿಟ್ಟು ಹಾ ಎಂದು ಉಸಿರು ಬಿಟ್ಟ, ಮಂಜು ಕೂತಿತು, ನೋಡನೋಡುತ್ತಿದ್ದಂತೆ ಗೆರೆಗಳ ಸುತ್ತ ಕರಗತೊಡಗಿತು.

ಎಸ್‌ಯುವಿ ಇರುವವರಿಗೆ ಒಂದು ಮಾತು. ನಿಮ್ಮ ಹಿಂದಿನ ಬಾಗಿಲು ದಿನಕ್ಕೆ ಹತ್ತು ಸಲ ಮೇಲೆ ಕೆಳಗೆ ಆಗುತ್ತದೆ. ಬಾಡಿಯಿಂದ ಬಾಗಿಲಿಗೆ ಹೋಗುವ ತಂತಿಗಳು ಕೀಲಿನ ಹತ್ತಿರ ಒಂದು ರಬ್ಬರ್ ಕೊಳವೆಯಲ್ಲಿರುತ್ತವೆ, ಮೊಣಕೈಯಂತೆ ಮಡಚಿ ಮಡಚಿ ಅಲ್ಲೇ ತುಂಡಾಗುತ್ತವೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಸರಿಯಿದ್ದು ಒಳಗಿನ ತಾಮ್ರದ ಎಳೆಗಳು ಮಾತ್ರ ಮುರಿದಿರುವುದೂ ಉಂಟು. ಆಗ ಒಂದು ಮೋಸ ನಡೆಯುತ್ತದೆ. ಗಾಜಿನ ಕನೆಕ್ಟರ್ ಬಿಚ್ಚಿ ಅಳೆದರೆ ಮೀಟರ್ ಪೂರ್ತಿ 13 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರಿಗೆ ಕರೆಂಟೇ ಬೇಡ, ಒಂದೇ ಒಂದು ಎಳೆ ಉಳಿದಿದ್ದರೂ ಸಾಕು. ಕನೆಕ್ಟರ್ ಹಾಕಿ 15 ಆಂಪಿಯರ್ ಎಳೆಯಲು ಹೋದಾಗ ಬಣ್ಣ ಬಯಲಾಗುತ್ತದೆ. ಆದ್ದರಿಂದ ಯಾವಾಗಲೂ ಕನೆಕ್ಟರ್ ಹಾಕಿ, ಡೀಫಾಗರ್ ಚಾಲೂ ಮಾಡಿಯೇ ಅಳೆಯಿರಿ. ಫ್ಯೂಸ್ ಪದೇ ಪದೇ ಸುಡುತ್ತಿದ್ದರೂ ಈ ಕೊಳವೆಯನ್ನೇ ಮೊದಲು ನೋಡಿ, ತಂತಿ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿರಬಹುದು. ದೊಡ್ಡ ಫ್ಯೂಸ್ ಹಾಕಿ ಸುಮ್ಮನಾಗುವ ಬುದ್ಧಿವಂತಿಕೆ ಮಾತ್ರ ಬೇಡ, ಫ್ಯೂಸಿನ ಬದಲು ತಂತಿ ಸುಡುತ್ತದೆ.

ಇನ್ನು ಗ್ಯಾರೇಜಿನವರ ಅರ್ಧ ಸತ್ಯ. ಮಂಜು ಕರಗಿದ ಮೇಲೆ ನೋಡಿದರೆ ಎರಡು ಪಟ್ಟೆಗಳು ಹಾಗೇ ಉಳಿದಿದ್ದವು, ಕೆಳಗಿನಿಂದ ಮೂರನೆಯದು ಮತ್ತು ಒಂಬತ್ತನೆಯದು. ಇದರ ಅಪರಾಧಿ ನಾನೇ. ಹಳೆಯ ಕಪ್ಪು ಫಿಲ್ಮ್ ಬಿಸಿಲಿಗೆ ನೇರಳೆಯಾಗಿ ಗುಳ್ಳೆ ಎದ್ದಿತ್ತು. ದುಡ್ಡು ಉಳಿಸೋಣ ಎಂದು ಬ್ಲೇಡು ಹಿಡಿದು ನಾನೇ ಕೆರೆದಿದ್ದೆ. ಫಿಲ್ಮ್ ಅಂಟುವುದು ಒಳಮೈಗೆ, ಗೆರೆಗಳಿರುವುದೂ ಒಳಮೈಯಲ್ಲೇ. ಫಿಲ್ಮಿನ ಜೊತೆ ಗೆರೆಯೂ ಎದ್ದುಬಂದಿತ್ತು. ಫಿಲ್ಮ್ ತೆಗೆಯುವುದಿದ್ದರೆ ಬಿಸಿಗಾಳಿ ಅಥವಾ ಹಬೆಯಿಂದ ಅಂಟು ಮೆತ್ತಗೆ ಮಾಡಿ ನಿಧಾನ ಸುಲಿಯಬೇಕು. ಅಂಗಡಿಯವನಿಗೆ ಕೊಟ್ಟರೂ ಬ್ಲೇಡು ಹಿಡಿಯದಂತೆ ನಿಂತು ನೋಡಿ.

ತುಂಡಾದ ಜಾಗ ಕಣ್ಣಿಗೆ ಕಾಣುವುದು ಕಷ್ಟ, ಕೂದಲೆಳೆಯಷ್ಟು ಬಿರುಕು ಸಾಕು. ಓಮ್ ಮೀಟರ್ ಇಟ್ಟು ಎಡಪಟ್ಟಿಯಿಂದ ಬಲಪಟ್ಟಿಗೆ ಅಳೆದರೆ ಉಳಿದ ಗೆರೆಗಳ ಮೂಲಕ ಸುತ್ತಿ ಬಂದು ಎಲ್ಲ ಸರಿಯಿದೆ ಎನ್ನುತ್ತದೆ. ಇಲ್ಲಿಯೂ ವೋಲ್ಟೇ ಸಹಾಯಕ್ಕೆ ಬರುವುದು. ಚೆನ್ನಾಗಿರುವ ಗೆರೆಯಲ್ಲಿ ಪ್ಲಸ್ ಕಡೆಯಿಂದ ಅರ್ತ್ ಕಡೆಗೆ ವೋಲ್ಟ್ ಸಮನಾಗಿ ಇಳಿಯುತ್ತಾ ಹೋಗುತ್ತದೆ, ನಟ್ಟನಡುವೆ ಸುಮಾರು ಅರ್ಧ, ಆರೋ ಆರೂವರೆಯೋ. ತುಂಡಾದ ಗೆರೆಯಲ್ಲಿ ಇಳಿಜಾರು ಇಲ್ಲ, ಜಲಪಾತ ಇದೆ. ತುಂಡಿನ ಪ್ಲಸ್ ಕಡೆ ಪೂರ್ತಿ 13, ಅದು ದಾಟಿದ ಕೂಡಲೇ ಸೊನ್ನೆ. ಆದ್ದರಿಂದ ಮೊದಲು ಎಲ್ಲ ಗೆರೆಗಳ ನಡುಭಾಗ ಮುಟ್ಟಿ ನೋಡಿ. 13 ಬಂದರೆ ತುಂಡು ಅರ್ತ್ ಕಡೆಯ ಅರ್ಧದಲ್ಲಿದೆ, ಸೊನ್ನೆ ಬಂದರೆ ಪ್ಲಸ್ ಕಡೆಯ ಅರ್ಧದಲ್ಲಿ. ಆ ಅರ್ಧದ ನಡುವೆ ಮತ್ತೆ ಮುಟ್ಟಿ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಏಳೆಂಟು ಸಲಕ್ಕೆ ಬೆರಳಗಲದ ಜಾಗಕ್ಕೆ ಬಂದು ನಿಲ್ಲುತ್ತೀರಿ. ನಮ್ಮ ಸಾಫ್ಟ್‌ವೇರ್ ಮಿತ್ರರಿಗೆ ಈ ವಿದ್ಯೆಯ ಹೆಸರು ಗೊತ್ತಿದೆ, ಹೇಳಬೇಕಾಗಿಲ್ಲ.

ಮೀಟರಿನ ಚೂಪು ಕಡ್ಡಿಯನ್ನು ನೇರವಾಗಿ ಗೆರೆಗೆ ಒತ್ತಬೇಡಿ, ಇದ್ದ ಗೆರೆಯೂ ಹೋಗುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ತುದಿಗೆ ಸುತ್ತಿ ಚಿಕ್ಕ ಉಂಡೆ ಮಾಡಿ ಮೆಲ್ಲಗೆ ಒತ್ತಿ. ನಮ್ಮ ಮೂರನೆಯ ಗೆರೆಯ ನಡುವೆ 13 ಬಂತು, ಅರ್ತ್ ಕಡೆಯ ತುದಿಯಿಂದ ಒಂದು ಗೇಣಿನಷ್ಟು ದೂರದಲ್ಲಿ ದಢಕ್ಕನೆ ಸೊನ್ನೆಯಾಯಿತು. ಹೊರಗಿನಿಂದ ಆ ಜಾಗಕ್ಕೆ ಒಂದು ಚೂರು ಟೇಪ್ ಅಂಟಿಸಿ ಗುರುತು ಮಾಡಿದೆವು.

ಹಚ್ಚಲು ಬೆಳ್ಳಿ ಪುಡಿ ಬೆರೆಸಿದ ಬಣ್ಣದ ಚಿಕ್ಕ ಬಾಟಲಿ ಸಿಗುತ್ತದೆ, ಡೀಫಾಗರ್ ರಿಪೇರಿ ಕಿಟ್ ಎಂದು ಕೇಳಿ. ನಾನು ಶುವೈಖ್ ಇಂಡಸ್ಟ್ರಿಯಲ್ ಕಡೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅಲೆದು ತಂದೆ. ಡೀಫಾಗರ್ ಆರಿಸಿ, ಆ ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಗೆರೆಯ ಮೇಲೂ ಕೆಳಗೂ ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆಯಷ್ಟೇ ಅಗಲದ ಓಣಿ ಮಾಡಬೇಕು. ಬೆಳ್ಳಿ ತಳದಲ್ಲಿ ಕೂತಿರುತ್ತದೆ, ಬಾಟಲಿ ಚೆನ್ನಾಗಿ ಕುಲುಕಿ. ತುಂಡಿನ ಎರಡೂ ಬದಿಯ ಒಳ್ಳೆಯ ಗೆರೆಯ ಮೇಲೆ ಕಾಳಿನಷ್ಟು ಹತ್ತುವಂತೆ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಮತ್ತೊಂದು ಸಲ, ಬೇಕಿದ್ದರೆ ಇನ್ನೊಂದು. ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ತೆಗೆಯಿರಿ. ಒಂದು ದಿನ ಡೀಫಾಗರ್ ಹಾಕಬೇಡಿ. ಬೇಸಿಗೆಯ ಬಿಸಿಲಲ್ಲಿ ಮಾಡಬೇಡಿ, ಗಾಜು ಕಾದಿದ್ದರೆ ಬಣ್ಣ ಕುಂಚದಲ್ಲೇ ಒಣಗುತ್ತದೆ. ಒಂದೆರಡು ತುಂಡಿಗೆ ಇದು ಸರಿ. ಗೆರೆ ಗೇಣುಗಟ್ಟಲೆ ಎದ್ದುಹೋಗಿದ್ದರೆ ಗಾಜು ಬದಲಿಸುವುದೇ ಲೇಸು.

ಪಟ್ಟಿಗೆ ಬೆಸೆದ ಲೋಹದ ನಾಲಿಗೆಯೇ ಕಿತ್ತುಬಂದಿದ್ದರೆ ಮನೆಯ ಸೋಲ್ಡರಿಂಗ್ ಕಡ್ಡಿ ಹಿಡಿದು ಹೋಗಬೇಡಿ, ಒಂದೇ ಕಡೆ ಶಾಖ ಕೊಟ್ಟರೆ ಗಾಜು ಬಿರಿಯಬಹುದು. ಅದಕ್ಕೆಂದೇ ಕರೆಂಟು ಹರಿಯುವ ಅಂಟು ಬರುತ್ತದೆ.

ಮನೆಯವರಿಗೆ ಒಂದು ವಿನಂತಿ. ಒಳಗಿನಿಂದ ಗಾಜು ಒರೆಸುವಾಗ ಗೆರೆಗಳ ಉದ್ದಕ್ಕೆ ಒರೆಸಿ, ಅಡ್ಡಕ್ಕೆ ಬೇಡ. ಏರ್‌ಪೋರ್ಟಿಗೆ ಹೋಗುವಾಗ ಸೂಟ್‌ಕೇಸನ್ನು ಹಿಂದಿನ ಗಾಜಿಗೆ ಒತ್ತಿ ಇಡುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಅದರ ಚಕ್ರದ ಬೋಲ್ಟ್ ಒಂದು ಸಲ ಉಜ್ಜಿದರೆ ಸಾಕು. ಮಂಜು ಬೇಗ ಹೋಗಲು ಚಳಿಗಾಲದಲ್ಲೂ ಏಸಿ ಹಾಕಿ, ಶಾಖ ಹೆಚ್ಚಿಸಿ, ಗಾಳಿ ಒಳಗೇ ಸುತ್ತುವ ಬಟನ್ ಆರಿಸಿ ಹೊರಗಿನ ಗಾಳಿ ಬಿಡಿ. ಏಸಿ ತೇವ ಹೀರುತ್ತದೆ. ಸೆಪ್ಟೆಂಬರಿನ ಹೊರಮಂಜಿಗೆ ಮಾತ್ರ ಇದು ಉಲ್ಟಾ, ಆಗ ಏಸಿಯ ತಂಪು ಸ್ವಲ್ಪ ಕಡಿಮೆ ಮಾಡಬೇಕು.

ಹಿರಿಯರಿಗೆ ಮೀಟರ್ ವಾಪಸ್ ಕೊಡಲು ಹೋದಾಗ "ಇಟ್ಟುಕೊಳ್ಳಿ, ಹುಡುಗನಿಗೆ ಆಯ್ತು" ಎಂದರು. ಈಗ ಅವನು ಮನೆಯ ರಿಮೋಟಿನ ಸೆಲ್ಲುಗಳನ್ನೆಲ್ಲ ಅಳೆದು 1.5, 1.2 ಎಂದು ಚೀಟಿ ಅಂಟಿಸಿ ಇಟ್ಟಿದ್ದಾನೆ. ಅಬ್ಬಾಸಿಯಾದ ಆ ಹಾರಿಸ್‌ಗೆ ಮುಂದಿನ ಸಲ ಹೋದಾಗ ಒಂದು ಡಬ್ಬಿ ಮೈಸೂರು ಪಾಕ್ ಕೊಟ್ಟೆ. ಯಾಕೆಂದು ಅವನಿಗೆ ನೆನಪೇ ಇರಲಿಲ್ಲ.

ಮೂರನೆಯ ಗೆರೆ ಸರಿಯಾಯಿತು. ಒಂಬತ್ತನೆಯದು ಇನ್ನೂ ಬಾಕಿ, ಬರುವ ಶುಕ್ರವಾರ ಕೂರಬೇಕು. ಬಾಟಲಿಯಲ್ಲಿ ಬೆಳ್ಳಿ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಮುಚ್ಚಳ ತೆರೆದ ಮೇಲೆ ಬಹಳ ದಿನ ಇರುವುದಿಲ್ಲ, ಮಂಗಾಫ್–ಫಹಾಹೀಲ್ ಕಡೆಯವರಿಗೆ ಬೇಕಿದ್ದರೆ ಒಣಗುವ ಮೊದಲು ಸಂಪಾದಕರಿಗೆ ಒಂದು ಮೇಲ್ ಹಾಕಿ, ನನಗೆ ಮುಟ್ಟಿಸುತ್ತಾರೆ.